ಆಯ್ತು ಅಂದರೆ ಯಾರದ್ದು?

ಇವತ್ತು ಅನ್ನ ತಳ ಹಿಡಿಯಿತು. ಆ ಸೀದ ವಾಸನೆಗೆ ನಜರ್‌ಬಾದಿನ ನಮ್ಮ ಹಳೇ ಅಡುಗೆಮನೆ ಕಣ್ಮುಂದೆ ಬಂತು.

ಶಾಲೆಯಲ್ಲಿ ಕನ್ನಡ ಪಂಡಿತರು ವಾಕ್ಯಕ್ಕೊಂದು ಕರ್ತೃಪದ ಹುಡುಕಿಸುತ್ತಿದ್ದರು. "ಮಾಡಿದ್ದು ಯಾರು? ಹೇಳು!" ಎಂದು ಕಿವಿ ಹಿಂಡುತ್ತಿದ್ದರು. ಮನೆಗೆ ಬಂದರೆ ಅಮ್ಮನ ಮಾತಿನಲ್ಲಿ ಆ 'ಯಾರು' ಎಂಬುದೇ ಇರುತ್ತಿರಲಿಲ್ಲ. ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳ ಕೆರೆಯುತ್ತ ಕೂತವಳನ್ನು "ಊಟ ಆಯ್ತೇನಮ್ಮಾ?" ಎಂದು ಕೇಳಿದರೆ "ಆಯ್ತು" ಎನ್ನುವಳು.

"ಯಾರದ್ದು? ಸರಿಯಾಗಿ ಹೇಳು!"

"ಎಲ್ರದ್ದೂ ಆಯ್ತು ಕಣೇ, ತಲೆ ತಿನ್ಬೇಡ."

ಅವಳ ತಟ್ಟೆ ಮಾತ್ರ ಒಣಗಿಯೇ ಇರುತ್ತಿತ್ತು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಈಗಷ್ಟೇ ಮನೆಯವರಿಗೆಲ್ಲ ಮೇಲಿನ ಅನ್ನ ಬಡಿಸಿ ತಳ ಕೆರೆಯುತ್ತಿದ್ದೆ. ಮಗಳ ಫೋನು ಬಂತು.

"ಊಟ ಆಯ್ತೇನಮ್ಮಾ?"

"ಆಯ್ತು" ಎಂದುಬಿಟ್ಟೆ.

"ಯಾರದ್ದು?" ಎಂದು ರೇಗಿದಳು.