ಕೈ ಮುಗಿಯಾಕ ಒಂದು ಲೈಟು

ಮನಿ ಕಟ್ಟಿಸೂ ಮುಂದ ನಾನು ಮಾಡಿದ ದೊಡ್ಡ ಶ್ಯಾಣ್ಯಾತನ ಅಂದ್ರ ಪಡಸಾಲಿಗೆ ಫಾಲ್ಸ್ ಸೀಲಿಂಗ್ ಮಾಡಿಸಿದ್ದು. ಶಿಗ್ಗಾಂವಿಯೊಳಗ ಹೈವೇ ಬಾಜೂಕಿನ ಹೊಸ ಪ್ಲಾಟಿನ್ಯಾಗ ಎಲ್ಲಾರೂ ಮಾಡಿಸಾಕತ್ತಿದ್ರು, ನಾನೂ ಮಾಡಿಸಿದ್ನಿ. ಬಿಳಿ ಪಿಒಪಿ, ಅದರಾಗ ಸಾಲಾಗಿ ತೂತು, ತೂತಿನೊಳಗ ಹುದುಗಿಸಿಟ್ಟ ಡೌನ್‌ಲೈಟು. ಬಟನ್ ಒತ್ತಿದ್ರ ಬೆಳಕು ಮ್ಯಾಲಿಂದ ಬೀಳ್ತೈತಿ, ಆದ್ರ ದೀಪ ಅನ್ನೂದು ಎಲ್ಲೂ ಕಾಣಂಗಿಲ್ಲ. ಈಗಿನ ಫ್ಯಾಶನ್ ಇದರೀ ಟೀಚರ್ ಅಂದ ಎಲೆಕ್ಟ್ರಿಶಿಯನ್. ಹೂಂ ಅಂದ್ನಿ. ನೌಕರಿ ಪೂರ್ತಿ ಹುಡುಗ್ಯಾರ ಹೈಸ್ಕೂಲಿನ್ಯಾಗ ಗುಂಯ್ ಅನ್ನೂ ಟ್ಯೂಬ್‌ಲೈಟಿನ ಕೆಳಗ ವಿಜ್ಞಾನ ಕಲಿಸಿದಾಕಿ ನಾನು. ರಿಟೈರ್ ಆದ ಮ್ಯಾಲೆ ನನಗೂ ಒಂದಿಷ್ಟು ಚಂದ ಬೇಕು ಅನ್ನಿಸಿತ್ತು.

ಖರೇ ಅಂದ್ರ ಆ ಮನಿ ನನಗೊಬ್ಬಾಕಿಗೆ ಕಟ್ಟಿಸಿದ್ದಲ್ಲ. ನಮ್ಮಕ್ಕ ಬಂದು ನನ್ನ ಜೋಡಿ ಇರಲಿ ಅಂತ ಕಟ್ಟಿಸಿದ್ದು. ನಾನು ಮದವಿ ಆಗಲಿಲ್ಲ, ಅಕ್ಕಗ ಮಕ್ಕಳಾಗಲಿಲ್ಲ. ಆಕಿ ಗಂಡ ಹಿರೇಕೆರೂರಾಗ ಹತ್ತಿ ಜಿನ್ನಿಂಗ್ ಮಿಲ್ಲಿನ್ಯಾಗ ದುಡೀತಿದ್ರು. ಅವ್ರು ತೀರಿಕೊಂಡ ಮ್ಯಾಲೆ ಅಲ್ಲಿ ಎರಡು ಖೋಲಿ ಮನ್ಯಾಗ ಆಕಿ ಒಬ್ಬಾಕಿ, ಇಲ್ಲಿ ಬಾಡಿಗಿ ಮನ್ಯಾಗ ನಾನೊಬ್ಬಾಕಿ. ಇಬ್ಬರೂ ಬ್ಯಾರೆ ಬ್ಯಾರೆ ಕುಕ್ಕರಿನ್ಯಾಗ ಒಂದೊಂದು ಹಿಡಿ ಅಕ್ಕಿ ಇಡೂದು ನೆನಸಿಕೊಂಡ್ರ ನನಗ ಅಳು ಬರೂದರ ಬದಲಿ ಸಿಟ್ಟು ಬರ್ತಿತ್ತು. ಎದುರಿಗೆ ಕುಂತು ಉಣ್ಣಾಕ ಅಕ್ಕ ಬೇಕು ಅನ್ನೂದು ಬಿಟ್ರ ನನಗ ಬ್ಯಾರೆ ಆಸೆ ಉಳಿದಿದ್ದಿಲ್ಲ.

ನಾವು ಹಾನಗಲ್ಲಿನ್ಯಾಗ ಬೆಳೆದವ್ರು. ಅವ್ವ ತೀರಿಕೊಂಡಾಗ ನಾನಿನ್ನೂ ಸಾಲಿಗೆ ಹೊಂಟಿದ್ದಿಲ್ಲ, ಅಕ್ಕನ ನನಗ ಅವ್ವ ಆದಾಕಿ. ಪಡಸಾಲಿ ನಡುವ ಒಂದು ವೈರಿಗೆ ಜೋತುಬಿದ್ದ ಹಳದಿ ಬಲ್ಬ್ ಇತ್ತು. ಹೊತ್ತು ಮುಳುಗೂ ಮುಂದ ಅಕ್ಕ ಬಾಗಲಿಗೆ ನೀರು ಹಾಕಿ, ಒಳಗ ಬಂದು ಆ ಬಲ್ಬ್ ಹಚ್ಚತಿದ್ಲು. ಹಚ್ಚಿದ ಕೂಡಲೆ ಇದ್ದಬದ್ದ ಕೆಲಸ ಬಿಟ್ಟು ಎಲ್ಲಾರೂ ಬಲ್ಬಿಗೆ ಕೈ ಮುಗೀಬೇಕು. ದೇವರ ಮುಂದಿನ ದೀಪ ಬ್ಯಾರೆ, ಇದು ಬ್ಯಾರೆ. ಕರೆಂಟು ಹೋಗಿ ತಿರುಗಿ ಬಂದ್ರ ಮತ್ತ ಮುಗೀಬೇಕು. ನಾನು ಒಂದ ಕೈಲೆ ಪೆನ್ಸಿಲ್ ಹಿಡಕೊಂಡು ಅರ್ಧಂಬರ್ಧ ಮುಗಿದ್ರ, “ಅದೇನು ನೊಣಾ ಹೊಡೀತಿ?” ಅಂತ ಬೈತಿದ್ಲು. ಆಮ್ಯಾಲೆ ನನ್ನ ಮಾರಿ ಸವರಿ ನೆಟಿಗಿ ಮುರಿತಿದ್ಲು. ಆ ಕೈಯಿಂದ ಒಗ್ಗರಣಿ ವಾಸನಿ ಬರ್ತಿತ್ತು. ಈಗ ನನಗ ಅಂಥಾ ವಾಸನಿ ಎಲ್ಲೂ ಸಿಗಂಗಿಲ್ಲ.

ಹೊಸ ಮನಿ ಶಾಂತಿ ಆದ ದಿನ ಮಂದಿ ಎಲ್ಲಾ ಹೋದ ಮ್ಯಾಲೆ ಪಡಸಾಲ್ಯಾಗ ನಾವಿಬ್ಬರ ಉಳಿದ್ವಿ. ಮುಸ್ಸಂಜಿ ಆತು. ನಾನು ದೊಡ್ಡಸ್ತಿಕಿಯಿಂದ ಬಟನ್ ಒತ್ತಿದ್ನಿ. ಅಕ್ಕ ಎದ್ದು ನಿಂತ್ಲು, ತಲಿ ಮ್ಯಾಲೆ ಸೆರಗು ಎಳಕೊಂಡ್ಲು, ಕೈ ಜೋಡಿಸಿದ್ಲು, ಹಂಗ ನಿಂತ್ಲು. ಮ್ಯಾಲೆ ನೋಡಿದ್ಲು, ಬೆಳಕು ಕಣ್ಣಿಗೆ ಚುಚ್ಚಿ ಕೆಳಗ ನೋಡಿದ್ಲು. ಆ ಕಡೆ ತಿರುಗಿದ್ಲು, ಈ ಕಡೆ ತಿರುಗಿದ್ಲು. ಜೋಡಿಸಿದ ಕೈ ಜೋಡಿಸಿದಂಗ ಐತಿ, ಯಾವ ಕಡೆ ಹಿಡೀಬೇಕು ತಿಳೀವಲ್ದು. ಕಡೀಕ ಫ್ರಿಜ್ಜಿನ ಬಾಜೂಕ ಸ್ಟೆಬಿಲೈಜರಿನ ಮ್ಯಾಲೆ ಉರಿಯಾಕತ್ತಿದ್ದ ಸಣ್ಣ ಕೆಂಪು ದೀಪಕ್ಕ ಕೈ ಮುಗಿದ್ಲು.

ನಾನು ಬಿದ್ದು ಬಿದ್ದು ನಕ್ನಿ.

“ನಗಬ್ಯಾಡ. ಇಷ್ಟು ದೊಡ್ಡ ಮನ್ಯಾಗ ದೀಪದಂಗ ಕಂಡಿದ್ದು ಅದೊಂದ” ಅಂದ್ಲು. ಆಕಿಗೂ ನಗು ಬಂತು. ಆದ್ರ ಊಟಕ್ಕ ಕುಂತಾಗ ನನ್ನ ಮಾರಿ ದಿಟ್ಟಿಸಿ ನೋಡಿ, “ನಿನ್ನ ಕಣ್ಣ ಗುಣಿಯಾಗ ಬರೇ ನೆಳ್ಳ ಕುಂತೈತಿ ತಂಗಿ. ಮಕಾ ಅನ್ನೂದ ಕಾಣವಲ್ದು. ಇದೆಂಥಾ ಬೆಳಕು?” ಅಂದ್ಲು. ಮರುದಿನ, ಇಲ್ಲೇ ಇರು ಅಂದ್ರ, “ನೋಡೂಣಂತ” ಅಂದು ಹಿರೇಕೆರೂರಿಗೆ ಹೋದ್ಲು.

ನಾನು ಆ ಮಾತು ಹಿಡಕೊಂಡ್ನಿ. ಲೈಟಿಂದ ತ್ರಾಸು ಹೌದಲ್ಲೊ? ಲೈಟನ್ನ ತಗಸ್ತೇನಿ ತಡಿ ಅಂತ ಹಟಕ್ಕ ಬಿದ್ನಿ.

ಎಲೆಕ್ಟ್ರಿಶಿಯನ್ ಗೊಣಗಿದ. ಹೊಸಾ ಪಿಒಪಿ ಒಡಿಸ್ತಾರಂತ, ಟೀಚರಿಗೆ ತಲಿ ಸರಿ ಇಲ್ಲ ಅಂತ ಹೊರಗ ಯಾರಿಗೋ ಫೋನಿನ್ಯಾಗ ಹೇಳೂದು ನನಗ ಕೇಳಿಸ್ತು. ಅನ್ನಲಿ ಬಿಡು. ಶಿಗ್ಗಾಂವಿ ಪ್ಯಾಟ್ಯಾಗ ಲೈಟಿನ ಅಂಗಡಿ ಒಂದೂ ಬಿಡಲಿಲ್ಲ. ಮಾಳಿಗಿಗೆ ಅಂಟಿಸೂ ಗುಂಡನ್ನ ಪ್ಯಾನೆಲ್ ತೋರಿಸಿದ್ರು, ತಾಟು ಬೋರಲ ಹಾಕಿದಂಗ ಕಾಣ್ತು. ಹರಳಿನ ಗೊಂಚಲು ತೂಗೂ ಝೂಮರ್ ತೋರಿಸಿದ್ರು, ಅದರ ಕೆಳಗ ಕುಂತು ರೊಟ್ಟಿ ಪಲ್ಯ ತಿನ್ನೂದು ಹೆಂಗ? ಬಟ್ಟಿ ಟೊಪಗಿ ಹಾಕಿದ ನಿಂತ ದೀಪ ಮನಸಿಗೆ ಬಂತು, ಆದ್ರ ಅದರ ವೈರು ನೆಲದ ಮ್ಯಾಲೆ ಹರದಾಡ್ತಿತ್ತು, ಅಕ್ಕ ಕಾಲು ಎಳದು ನಡ್ಯಾಕಿ, ಎಡವಿ ಬಿದ್ಲಂದ್ರ? ಟ್ಯೂಬ್‌ಲೈಟು ಅಂದ್ರ ನನಗ ತಿರುಗಿ ಸಾಲಿಗೆ ಹೋದಂಗ. ಗ್ವಾಡಿಗೆ ಹಾಕೂ ದೀಪ ಎರಡು ತಗೊಂಡ್ನಿ: ಒಂದು ಅಕ್ಕನ ಮಂಚದ ತಲಿದೆಸಿಗೆ, ಕೈಗೆ ನಿಲುಕೂವಂಗ ಬಟನ್ ಇಟ್ಟು, ಇನ್ನೊಂದು ಬಚ್ಚಲಕ್ಕ ಹೋಗೂ ದಾರ್ಯಾಗ. ಪಡಸಾಲಿದು ಮಾತ್ರ ಬಗೀಹರೀಲಿಲ್ಲ. ಒಳಗ ಬಂದಾವ್ರು ಕತ್ತೆತ್ತಿದ್ರ ಇದ ದೀಪ ಅಂತ ತಿಳೀಬೇಕು, ಅಂಥಾದ್ದೊಂದು ನನಗ ಬೇಕಾಗಿತ್ತು.

ಅದು ಸಿಕ್ಕಿದ್ದು ಸವಣೂರಾಗ, ಹಳೇ ಸಾಮಾನು ಮಾರೂ ಒಬ್ಬ ಮುಸಲ್ಮಾನ ಹಿರಿಯರ ಅಂಗಡ್ಯಾಗ. ಹಾಲಿನಂಥಾ ಬಿಳಿ ಗಾಜಿನ ಗುಂಡು, ಮ್ಯಾಲೆ ಹಿತ್ತಾಳಿ ಸರಪಳಿ. ಧೂಳು ಒರಸಿ ಒಳಗೊಂದು ಬಲ್ಬ್ ಹಾಕಿ ತೋರಿಸಿದ್ರು. ಅಂಗಡಿ ಒಳಗಿನ ಹಳೇ ಕುರ್ಚಿ, ಕನ್ನಡಿ, ಆ ಹಿರಿಯರ ಗಡ್ಡ, ಎಲ್ಲಾ ಒಮ್ಮೆಲೆ ಮೆತ್ತಗ ಕಂಡ್ವು. “ಇದನ್ನ ಕೊಡ್ರಿ” ಅಂದ್ನಿ.

“ಯಾರ ಸಲುವಾಗಿರಿ ಅಕ್ಕಾರ?” ಅಂದ್ರು.

“ನಮ್ಮಕ್ಕನ ಸಲುವಾಗಿರಿ. ನನ್ನ ಮನಿಗೆ ಇರಾಕ ಬರಾಕಿ ಅದಾಳ.”

“ಹಂಗಾರ ಭಾಳ ಮ್ಯಾಲೆ ಕಟ್ಟಿಸಬ್ಯಾಡ್ರಿ. ಮಂದಿ ಮಕಾ ನೋಡಿಕೋತ ಮಾತಾಡೂವಷ್ಟು ಕೆಳಗ ಇರಲಿ” ಅಂದು ಹಳೇ ಪೇಪರಿನ್ಯಾಗ ಸುತ್ತಿ ಕೊಟ್ರು. ನಮ್ಮೂರ ಕಡೆ ಹೋಗೂ ಟಂಟಂ ಆಟೋದಾಗ ಜಾಗ ಕೊಡ್ತೇವಿ ಅಂದ್ರೂ, ಕುಲುಕಾಟಕ್ಕ ಒಡದೀತಂತ ಹತ್ತದ, ಬಸ್ಸಿನ್ಯಾಗ ಆ ಗಾಜನ್ನ ಕೂಸಿನಂಗ ತೊಡಿ ಮ್ಯಾಲಿಟ್ಟುಕೊಂಡು ಶಿಗ್ಗಾಂವಿಗೆ ಬಂದ್ನಿ.

ಪಿಒಪಿ ಭಾರ ತಡಿಯಂಗಿಲ್ಲ ಅಂತ ಅದನ್ನ ಕೊರದು, ಮ್ಯಾಲಿನ ಸ್ಲ್ಯಾಬಿನ ಹುಕ್ಕಿಗೆ ಸರಪಳಿ ಸಿಗಿಸಿದ್ರು. ಡೌನ್‌ಲೈಟ್ ತಗದು ತೂತೆಲ್ಲಾ ಮುಚ್ಚಿದ್ರು. ಅಕ್ಕಗ ಫೋನ್ ಮಾಡಿ, “ಈಗರ ಬರ್ತೀಯೊ ಇಲ್ಲೊ?” ಅಂದ್ನಿ. ಬಂದ್ಲು.

ಅವತ್ತ ಸಂಜೀಕ ಲೈಟು ಹಚ್ಚಿದ್ರ ಅಕ್ಕ ಎಲ್ಲೂ ಹುಡುಕಲಿಲ್ಲ. ಒಂದ ಸಲಕ್ಕ ಕೈ ಮುಗಿದ್ಲು, ಮುಗಿದು ಸ್ವಲ್ಪ ಹೊತ್ತು ಅದನ್ನ ನೋಡಿಕೋತ ನಿಂತ್ಲು. “ಭಾಳ ಛಲೋ ಮಾಡಿದಿ ತಂಗಿ” ಅಂದ್ಲು. ಅದರ ಕೆಳಗ ಕುಂತು ಇಬ್ಬರೂ ರೊಟ್ಟಿ, ಬದನಿಕಾಯಿ ಪಲ್ಯ ಉಂಡ್ವಿ. “ಈಗ ನಿನ್ನ ಮಕಾ ಕಾಣ್ತು ನೋಡು. ಮುದುಕಿ ಆಗೀಯಲ್ಲ” ಅಂತ ನಕ್ಲು. ಆಕಿ ಹಣಿ, ಗಲ್ಲದ ಮ್ಯಾಲಿನ ಮಚ್ಚಿ, ಎಲ್ಲಾ ನನಗೂ ಕಾಣಾಕತ್ತಿತ್ತು. ಇನ್ನ ಈಕಿ ಎಲ್ಲಿ ಹೋಗ್ತಾಳ ಅಂತ ಧೈರ್ಯ ಬಂತು. ಎಷ್ಟೋ ವರ್ಷದ ಮ್ಯಾಲೆ ಹೊಟ್ಟಿ ತುಂಬ ಉಂಡ್ನಿ.

ಮುಂಜಾನೆ ಎದ್ದು ನೋಡಿದ್ರ ಆಕಿ ಚೀಲ ಕಟ್ಟಿಕೊಂಡು ಕುಂತಾಳ.

“ಹೊಂಟೇನಿ” ಅಂದ್ಲು. “ನಿನ್ನೆ ಇಲ್ಲಿ ಕೈ ಮುಗಿಯೂ ಹೊತ್ತಿಗೆ ಅಲ್ಲಿ ನನ್ನ ಮನಿ ಕತ್ತಲಿತ್ತು. ನಿನ್ನ ಮನಿ ಶಾಂತಿ ದಿನಾ ಬಿಟ್ರ, ಅವ್ರು ಮಿಲ್ಲಿಂದ ಬರೂ ಹೊತ್ತಿಗೆ ನಾನು ಒಂದಿನಾ ಮನಿ ಕತ್ತಲ ಇಟ್ಟಾಕಿ ಅಲ್ಲ.”

“ಅವ್ರು ಇಲ್ಲಲ್ಲಕ್ಕ.”

“ಇಲ್ಲ. ಮನಿ ಐತಲ್ಲ.”

“ಬಾಜೂ ಮನಿಯಾಕಿಗೆ ಕೀಲಿ ಕೊಡು, ಹಚ್ತಾಳ.”

“ಮಂದಿ ಬಂದು ಹಚ್ಚಿ ಹೋದ್ರ ಅದು ಓಣಿ ಕಂಬದ ಲೈಟಾತು.”

ನನಗ ತಡಿಯಲಾರದ ಸಿಟ್ಟು ಬಂತು. “ಮತ್ತ ಅವತ್ತ ಲೈಟಿನ ಸುದ್ದಿ ಯಾಕ ತಗದಿ? ನಾನು ಊರೆಲ್ಲಾ ತಿರುಗಿ ಮಾಳಿಗಿ ಒಡಿಸೇನಿ.”

“ಲೈಟು ಖರೇನ ಛಲೋ ಇದ್ದಿದ್ದಿಲ್ಲ, ಅದನ್ನ ಹೇಳಿದ್ನಿ. ಇರಾಕ ಬರ್ತೇನಿ ಅಂತ ಹೇಳಿದ್ನೇನು?”

ಹೇಳಿದ್ದಿಲ್ಲ. ಅಷ್ಟೂ ನನ್ನ ಮನಸಿನ್ಯಾಗ ನಾನ ಕಟ್ಟಿಕೊಂಡಿದ್ದು. ಬಸ್‌ಸ್ಟ್ಯಾಂಡ್ ತನಕ ಆಕಿ ಚೀಲ ನಾನ ಹೊತ್ತುಕೊಂಡು ನಡದ್ನಿ. ಹಾವೇರಿ ಮ್ಯಾಲೆ ಹೋಗೂ ಬಸ್ಸಿನ್ಯಾಗ ಆಕಿ ಕಿಟಕಿ ಬಾಜೂಕ ಕುಂತ್ಲು, ನಾನು ಕೆಳಗ ನಿಂತ್ನಿ. ಡ್ರೈವರ್ ಬಂದು ಗಾಡಿ ಚಾಲೂ ಮಾಡಿದ. ಆಗ ನನ್ನ ಸಿಟ್ಟೆಲ್ಲಾ ಇಳದು, ಸಣ್ಣ ಹುಡುಗಿಯಂಗ ಕಿಟಕಿ ಸರಳು ಹಿಡಕೊಂಡು ಅಂದ್ನಿ: “ಅಕ್ಕಾ, ನನಗ ನೀ ಬೇಕು.”

ಆಕಿ ಸರಳಿನ ಮ್ಯಾಲಿದ್ದ ನನ್ನ ಬೆರಳು ಒಂದೊಂದ ಬಿಡಿಸಿದ್ಲು.

“ಗೊತ್ತೈತಿ” ಅಂದ್ಲು. “ಗೊತ್ತಿದ್ದೂ ಹೊಂಟೇನಿ.”