ಭಾವ ಸೇರಿಸಿದ ಎರಡು ಪೌಂಡ್ ಗಾಳಿ

ನಮ್ಮ ಭಾವನವರದು ಲಿಫ್ಟ್ ಪರೀಕ್ಷಿಸುವ ಕೆಲಸ. ಹತ್ತು ಜನರನ್ನು ಹೊರುವ ಲಿಫ್ಟಿನೊಳಗೆ ‘ಆರು ಜನ ಮಾತ್ರ’ ಎಂದು ಬರೆಸಿ, ಐದನೆಯವನು ಕಾಲಿಟ್ಟ ಕೂಡಲೇ ತಾವು ಹೊರಗೆ ಬರುವ ಮನುಷ್ಯ. ಆಫೀಸಿನಲ್ಲಿ ಅವರಿಗೆ ಜೋಪಾನಯ್ಯ ಎಂದು ಅಡ್ಡಹೆಸರು. ಅದನ್ನವರು ಬಿರುದು ಎಂದೇ ತಿಳಿದಿದ್ದಾರೆ. ಮನೆಯಲ್ಲಿ ಗ್ಯಾಸ್ ಆರಿಸಿದ ಮೇಲೆ ಒಮ್ಮೆ, ಚಪ್ಪಲಿ ಮೆಟ್ಟಿದ ಮೇಲೆ ಒಮ್ಮೆ, ಬೀದಿಯ ತಿರುವಿನಿಂದ ವಾಪಸ್ ಓಡಿಬಂದು ಇನ್ನೊಮ್ಮೆ ನೋಡಿಕೊಳ್ಳುತ್ತಾರೆ. ಇಂಥವರಿಗೆ ಮಗಳಾಗಿ ಗುಬ್ಬಿ ಹುಟ್ಟಿದಳು.

ಗುಬ್ಬಿಯ ಬೈಕಿಗೆ ಸೀಟೇ ಇಲ್ಲ. ಅದು ಓಡಲಿಕ್ಕಲ್ಲ, ಹತ್ತಲಿಕ್ಕೆ. ಆ ಆಟಕ್ಕೆ ಟ್ರಯಲ್ಸ್ ಎನ್ನುತ್ತಾರೆ. ನಿಂತುಕೊಂಡೇ, ಆಮೆಯ ವೇಗದಲ್ಲಿ, ಬಂಡೆಯಿಂದ ಬಂಡೆಗೆ ಹತ್ತಬೇಕು. ಕಾಲು ನೆಲಕ್ಕೆ ತಗುಲಿದರೆ ಒಂದು ತಪ್ಪು, ಬಿದ್ದರೆ ಅಥವಾ ಹತ್ತದೆ ನಿಂತುಬಿಟ್ಟರೆ ಐದು. ಇಡೀ ಆಟದ ಗುಟ್ಟು ಟೈರಿನ ಗಾಳಿಯಲ್ಲಿದೆ. ರಸ್ತೆಯ ಬೈಕಿಗೆ ಮೂವತ್ತು ಪೌಂಡ್ ಹಿಡಿದರೆ, ಇದರ ಹಿಂದಿನ ಚಕ್ರಕ್ಕೆ ಐದೇ ಸಾಕು. ಕೂಸು ತಾಯಿಯ ಸೊಂಟವನ್ನು ಅವಚಿಕೊಂಡ ಹಾಗೆ ಟೈರು ಕಲ್ಲನ್ನು ಅವಚಿಕೊಳ್ಳಬೇಕು. ಗಾಳಿ ತೀರಾ ಇಳಿದರೆ ಮಾತ್ರ ರಿಮ್ಮಿನಿಂದಲೇ ಕಳಚಿಕೊಳ್ಳುತ್ತದೆ.

ಹಾಗೆ ಕಳಚಿಕೊಂಡದ್ದನ್ನು ಭಾವ ಒಮ್ಮೆ ಕಣ್ಣಾರೆ ಕಂಡರು. ಅಭ್ಯಾಸದ ವೇಳೆ ಗುಬ್ಬಿ ನಾಲ್ಕಕ್ಕೆ ಇಳಿಸಿದ್ದಳು. ಫಟ್ ಎಂದಿತು. ಬಿದ್ದದ್ದು ಕೆಸರಿಗೆ, ಅವಳು ನಗುತ್ತಾ ಎದ್ದಳು. ಭಾವ ಮಾತ್ರ ಅಂದಿನಿಂದ ಪಕ್ಕದ ಮನೆಯವರು ಕಿಟಕಿ ಹಾಕಿದರೂ ಬೆಚ್ಚಿಬೀಳುತ್ತಾರೆ. ಆಮೇಲೆ ಗಾಳಿಯ ಖಾತೆಯನ್ನು ತಾವೇ ವಹಿಸಿಕೊಂಡರು. ಯಾವ ಮಂತ್ರಿಯೂ ಅಷ್ಟು ಗಾಂಭೀರ್ಯದಿಂದ ಖಾತೆ ವಹಿಸಿಕೊಂಡದ್ದನ್ನು ನಾನು ಕಂಡಿಲ್ಲ.

“ಇನ್ಮೇಲೆ ಈ ಪಂಪು, ಈ ಮೀಟರು ನನ್ನ ಹೊರತು ಯಾರೂ ಮುಟ್ಟಕೂಡದು.”

“ಆಯ್ತಪ್ಪಾ. ಆದ್ರೆ ಐದು ಅಂದ್ರೆ ಐದೇ,” ಎಂದಳು ಗುಬ್ಬಿ.

ಪಂದ್ಯ ನಡೆದದ್ದು ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ. ಅಕ್ಕ ಬರಲೊಪ್ಪಲಿಲ್ಲ. “ನೀನು ಹೋಗಿ ನಿಮ್ಮ ಭಾವನ್ನ ನೋಡ್ಕೋ. ಅವಳನ್ನ ಅವಳು ನೋಡ್ಕೋತಾಳೆ,” ಎಂದು ನನ್ನನ್ನು ಅಟ್ಟಿದಳು. ಭಾವ ಚಕ್ರದ ಮುಂದೆ ಮಂಡಿಯೂರಿ ಗಾಳಿ ಹಾಕುತ್ತಿದ್ದರು. ಮೀಟರಿನ ಮುಳ್ಳು ಏಳರಲ್ಲಿತ್ತು.

“ಭಾವಾ, ಐದಲ್ವಾ?”

“ಶ್! ಕ್ಷೇಮಕ್ಕೆ ಅಂತ ಒಂದೆರಡು ಜಾಸ್ತಿ. ಬಾಯಿ ಬಿಡಬೇಡ.”

ಎರಡು ಪೌಂಡ್ ಗಾಳಿ ಯಾವ ಲೆಕ್ಕ ಎಂದುಕೊಂಡು ಸುಮ್ಮನಾದೆ.

ಮೊದಲ ಕೆಸರಿನ ಏರು ದಾಟಿ ಬಂದ ಗುಬ್ಬಿ, “ಯಾಕೋ ಬಂಡಿ ಕುಣೀತಿದೆ ಅಪ್ಪಾ,” ಎಂದಳು. “ರಾತ್ರಿ ನಿದ್ದೆ ಕೆಟ್ರೆ ಎಲ್ಲಾ ಕುಣಿಯುತ್ತೆ,” ಎಂದು ಭಾವ ತಪ್ಪನ್ನು ನಿದ್ದೆಯ ತಲೆಗೆ ಕಟ್ಟಿದರು.

ಮುಂದಿನದು ಬಂಡೆ. ಆಳೆತ್ತರ, ನೀರು ಜಿನುಗಿ ಹೊಳೆಯುವ ಮೈ. ಪಕ್ಕದಲ್ಲೇ ಕಲ್ಲು ತೆಗೆದ ಹೊಂಡ. ಅದರ ತಳದಲ್ಲಿ ಕಪ್ಪು ನೀರು. ಗುಬ್ಬಿಗಿಂತ ಮುಂಚೆ ಬೇಕರಿ ನಡೆಸುವ ಸ್ಪರ್ಧಿಯೊಬ್ಬ ಹತ್ತಲು ಹೋದ. ಅರ್ಧ ಬಂಡೆಯಲ್ಲಿ ಹಿಂದಿನ ಚಕ್ರ ಚೆಂಡಿನಂತೆ ಪುಟಿದು, ಬೈಕು ಅವನ ಎದೆಯ ಮೇಲೆ ಮಗುಚಿತು. ಬುಡದಲ್ಲಿ ನಿಂತಿದ್ದ ಅವನ ಜೊತೆಗಾರ ಹಿಡಿದೆಳೆಯದಿದ್ದರೆ ಬೈಕಿನ ಸಮೇತ ಹೊಂಡಕ್ಕೆ ಹೋಗುತ್ತಿದ್ದ. ಆ ಜೊತೆಗಾರ ಟೈರನ್ನು ಹೆಬ್ಬೆರಳಿಂದ ಒತ್ತಿ, “ಗಾಳಿ ಎಷ್ಟಿಟ್ಟಿದ್ಯೋ ಮಾರಾಯ?” ಎಂದು ಗದರಿದ.

“ಏಳು.”

“ಏಳಾ? ಸಾಯೋಕೆ ಬಂದಿದ್ಯಾ?”

ಭಾವನ ಮುಖದ ರಕ್ತ ಇಳಿದುಹೋಯಿತು. ಅಷ್ಟರಲ್ಲಿ ಗುಬ್ಬಿ ಬಂಡೆಯತ್ತ ಬೈಕು ತಿರುಗಿಸಿಯಾಗಿತ್ತು. ಮರುಕ್ಷಣ ಭಾವನ ಐವತ್ತರ ದೇಹ, ಜನ ದಾಟದಂತೆ ಕಟ್ಟಿದ್ದ ಪಟ್ಟಿಯನ್ನು ಹರಿದುಕೊಂಡು ನುಗ್ಗಿ, ಬಂಡೆಯ ಬುಡದಲ್ಲಿ ಎರಡೂ ಕೈ ಚಾಚಿ ನಿಂತಿತು. ಗುಬ್ಬಿ ಬ್ರೇಕ್ ಒತ್ತಿ ಕಾಲೂರಿದಳು. ಚಕ್ರ ಅವರ ಮೊಣಕಾಲಿಗೆ ತಾಗಿ ನಿಂತಿತು.

ತೀರ್ಪುಗಾರ ಸೀಟಿ ಊದಿದ. “ಐದು ತಪ್ಪು! ಯಾರ್ರೀ ನೀವು?”

“ನಾನು... ಗಾಳಿ... ಅಲ್ಲ, ಅವಳಪ್ಪ.”

ಸುತ್ತಲಿನವರು ನಕ್ಕರು. ಗುಬ್ಬಿ ನಗಲಿಲ್ಲ. ಬೈಕನ್ನು ಪಕ್ಕಕ್ಕೆ ತಳ್ಳಿಕೊಂಡು ಬಂದು ಕೇಳಿದಳು, “ಎಷ್ಟಿದೆ ಅಪ್ಪಾ?”

“ಏಳು.”

“ಬೆಳಿಗ್ಗೆ ನೀನೇ ಐದು ಅಂದೆ.”

“ಭಯ ಆಯ್ತು ಕಣೇ. ಆವತ್ತು ಫಟ್ ಅಂದಿತ್ತಲ್ಲ...”

“ನಿನಗೆ ಭಯ ಆದ್ರೆ ನನ್ನ ಹತ್ರ ಹೇಳು. ಟೈರೊಳಗೆ ತುಂಬಬೇಡ.”

ಭಾವನಿಗೆ ಅಂಥ ಮಾತನ್ನು ಅಕ್ಕನೂ ಆಡಿದವಳಲ್ಲ. ಎಲ್ಲರೂ ಮೂರು ಸುತ್ತು ಹೋಗಬೇಕಿತ್ತು. ಎರಡನೆಯದರಲ್ಲಿ ಅದೇ ಬಂಡೆ ಮತ್ತೆ ಎದುರಾಗುತ್ತಿತ್ತು. ಗುಬ್ಬಿ ಮೀಟರನ್ನು ಅವರ ಕೈಗೇ ಕೊಟ್ಟಳು.

“ಬಂಡೆ ನಾನಂದುಕೊಂಡದ್ದಕ್ಕಿಂತ ಒದ್ದೆ. ಐದಾ, ನಾಲ್ಕೂವರೆಯಾ? ನೀನೇ ನೋಡಿ ಹೇಳು. ನಿಜ ಹೇಳಬೇಕು.”

ನಾಲ್ಕಕ್ಕೆ ಕಳಚಿಕೊಂಡ ಟೈರು ಅದು. ಭಾವ ಬಂಡೆಯ ಬಳಿ ಹೋಗಿ ಅಂಗೈ ಒತ್ತಿದರು. ಪಾಚಿಯ ಮೇಲೆ ಕೈ ಸೊಯ್ಯನೆ ಜಾರಿತು. ಹೊಂಡದ ಕಡೆಗೊಮ್ಮೆ ನೋಡಿದರು, ನೋಡಬಾರದಿತ್ತು. ವಾಪಸ್ ಬಂದು, “ನಾಲ್ಕೂವರೆ,” ಎಂದರು, ನನಗೇ ಸರಿಯಾಗಿ ಕೇಳಿಸಲಿಲ್ಲ. ವಾಲ್ವ್ ಒತ್ತಿದರು. ಗಾಳಿ ಹೊರಟ ಒಂದೊಂದು ಪುಸ್ಸಿಗೂ ಅವರ ಹೆಗಲು ಒಂದಿಷ್ಟು ಕುಗ್ಗುತ್ತಿತ್ತು. ಮುಳ್ಳು ನಾಲ್ಕೂವರೆಗೆ ಬಂದಾಗ ಬೆರಳು ತೆಗೆದರು. ಕ್ಷೇಮಕ್ಕೆಂದು ಒಂದು ಕೂದಲೆಳೆಯಷ್ಟೂ ಉಳಿಸಿಕೊಳ್ಳಲಿಲ್ಲ.

ಎರಡನೆಯ ಸುತ್ತಿನಲ್ಲಿ ಗುಬ್ಬಿ ಬಂದಳು. ಹಿಂದಿನ ಟೈರು ಪಂಕ್ಚರಾದದ್ದರ ಹಾಗೆ ಚಪ್ಪಟೆಯಾಗಿ, ಕಲ್ಲಿನ ಸಂದುಸಂದನ್ನೂ ಹಿಡಿಯುತ್ತಾ ಮೇಲೇರಿತು. ಅಂಚಿನಲ್ಲಿ ಟಕ್ ಎಂದಿತು: ರಿಮ್ಮು ಕಲ್ಲಿಗೆ ತಾಗಿದ ಸದ್ದು. ನನ್ನ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. ಭಾವ ಮುಚ್ಚಲಿಲ್ಲ. ಟೈರು ಕಳಚಿಕೊಳ್ಳದೆ ತಡೆದುಕೊಂಡಿತು. ಗುಬ್ಬಿ ಮೇಲಿದ್ದಳು, ಒಂದು ಕಾಲೂ ಊರದೆ.

ಜನ ಚಪ್ಪಾಳೆ ತಟ್ಟಿದರು. “ಭಾವಾ, ಉಸಿರು ಬಿಡಿ, ಮುಗೀತು!” ಎಂದೆ.

ಅವರು ಮೋಡ ಸರಿಯುತ್ತಿದ್ದ ಆಕಾಶವನ್ನೂ ಬಂಡೆಯನ್ನೂ ನೋಡಿ ಮೀಟರನ್ನು ಕೈಗೆತ್ತಿಕೊಂಡರು.

“ಇನ್ನೊಂದು ಸುತ್ತಿದೆ ಮಾರಾಯ. ಬಿಸಿಲು ಬರ್ತಿದೆ, ಬಂಡೆ ಒಣಗುತ್ತೆ. ಆಗ ಗಾಳಿ ಎಷ್ಟು ಅಂತ ನನ್ನನ್ನೇ ಕೇಳ್ತಾಳೆ.”