ಹಿಡಿಯುವವನೊಬ್ಬ, ಕಡಿಯುವವನೊಬ್ಬ

ನಮ್ಮ ಅತ್ತೆ ಬೆಳಿಗ್ಗೆ ಎದ್ದವರೇ ಮಂಚದ ಅಂಚಿಗೆ ಕುಳಿತು ಎರಡೂ ಮೊಣಕಾಲಿಗೆ ಬ್ಯಾಂಡೇಜ್ ಸುತ್ತಿಕೊಳ್ಳುತ್ತಿದ್ದರು. ಮೀನಖಂಡದಿಂದ ಶುರುಮಾಡಿ, ಮಂಡಿಯ ಮೇಲೆ ಅಡ್ಡಡ್ಡ ತಂದು, ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧ ಕೂರುವಂತೆ ಎಳೆದು ಎಳೆದು ಸುತ್ತುವರು. ಕ್ಲಿಪ್ಪು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿತ್ತು. ಅದನ್ನು ಕಚ್ಚಿಕೊಂಡೇ ನನ್ನನ್ನು ಕೂಗುವರು, ಹಾಲು ಉಕ್ಕುವುದನ್ನು ವಾಸನೆಯಲ್ಲೇ ಹಿಡಿದು ಎಚ್ಚರಿಸುವರು, ಮೊಮ್ಮಕ್ಕಳನ್ನು ಎಬ್ಬಿಸುವರು. ಕಾಲಿಗೆ ಪಟ್ಟಿ ಸುತ್ತಿದ ಹೆಂಗಸು ಮನೆಯಲ್ಲಿ ಸುಮ್ಮನೆ ಕೂತಿರುತ್ತಾಳೆ ಎಂದು ನೀವು ತಿಳಿದಿದ್ದರೆ ನಮ್ಮ ಅತ್ತೆಯನ್ನು ನೀವು ನೋಡಿಲ್ಲ, ಬಿಡಿ.

ಅವರು ಸರ್ಕಾರಿ ನರ್ಸಾಗಿದ್ದವರು. ನಿವೃತ್ತಿಯಾಗುವ ತನಕ ದಾಸನಕೊಪ್ಪದ ಸುತ್ತಲಿನ ಹಳ್ಳಿಗಳಲ್ಲಿ ತಿರುಗಿ ಹೆರಿಗೆ ಮಾಡಿಸಿದವರು. ಮನೆ ಮಾತ್ರ ಶಿರಸಿ ಪೇಟೆಯಲ್ಲಿ, ಇಗರ್ಜಿಯ ಗಂಟೆ ಕೇಳಿಸುವಷ್ಟು ಹತ್ತಿರ. ಮನೆಯಲ್ಲಿ ಎಲ್ಲರದೂ ಕೊಂಕಣಿ. ನಾನು ಹಾವೇರಿ ಕಡೆಯಿಂದ ಬಂದ ಸೊಸೆ. ನಮ್ಮದೂ ಕ್ರೈಸ್ತರ ಮನೆಯೇ, ಆದರೆ ಮಾತು ಕನ್ನಡ. ಮದುವೆಯಾದ ಹೊಸದರಲ್ಲಿ ನನಗೆ ಕೊಂಕಣಿ ಒಂದಕ್ಷರ ಬರುತ್ತಿರಲಿಲ್ಲ. ಅತ್ತೆ ನನ್ನ ಸಲುವಾಗಿ ಊಟದ ಹೊತ್ತಿನಲ್ಲಿ ಎಲ್ಲರಿಂದಲೂ ಕನ್ನಡ ಮಾತಾಡಿಸಿದರು, ತಾವೂ ನನ್ನೆದುರು ಮಕ್ಕಳ ಜೊತೆ ಕನ್ನಡವನ್ನೇ ಆಡಿದರು. ಅದೊಂದು ಉಪಕಾರವನ್ನು ನೆನೆದು ನಾನು ಅವರ ಉಳಿದ ಕಾಟವನ್ನೆಲ್ಲ ಸಹಿಸಿಕೊಂಡೆ ಎಂದರೆ ತಪ್ಪಿಲ್ಲ.

ಕಾಟ ಎಂದರೆ ಮುಖ್ಯವಾಗಿ ಕ್ರಿಸ್ಮಸ್ ಮರದ ಕಾಟ. ಅದನ್ನು ಹೇಳಬೇಕಾದರೆ ಮೊದಲು ಅವರ ಇಬ್ಬರು ಗಂಡುಮಕ್ಕಳ ಕತೆ ಹೇಳಬೇಕು. ಕಿರಿಯವರು ನನ್ನ ಗಂಡ. ಹಿರಿಯವರು ನನ್ನ ಭಾವ. ಮಾವ ಇರುವ ತನಕ ಅಪ್ಪ ಮಕ್ಕಳು ಸೇರಿ ಒಂದೇ ಗ್ಯಾರೇಜು ನಡೆಸಿದರು. ಮಾವ ಹೋದ ಮೇಲೆ ಏನೋ ಮಾತು ಬಂತು. ಯಾವ ಮಾತಿಗೆ ಶುರುವಾಯಿತು ಎಂದು ಕೇಳಿದರೆ ನನ್ನ ಗಂಡನಿಗೆ ಇವತ್ತಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ಭಾವ ಹೆಂಡತಿ ಮಕ್ಕಳನ್ನು ಕರೆದುಕೊಂಡು ಯಲ್ಲಾಪುರಕ್ಕೆ ಹೋಗಿ ಅಲ್ಲಿ ಬೇರೆ ಗ್ಯಾರೇಜು ಹಾಕಿದರು. ಸಾಮಾನು ಹಂಚಿಕೊಳ್ಳುವಾಗ ಮರ ಕಡಿಯುವ ಕತ್ತಿ ಭಾವನ ಪಾಲಿಗೆ ಹೋಯಿತು, ಉದ್ದನೆಯ ಹಗ್ಗ ನಮ್ಮ ಪಾಲಿಗೆ ಬಂತು. ಅಲ್ಲಿಂದ ಮುಂದೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ ಕತೆಯಿಲ್ಲ. ಫೋನು ಮಾಡುವುದಿದ್ದರೆ ಭಾವನ ಹೆಂಡತಿ, ನನ್ನ ನೆಗೆಣ್ಣಿ, ನನಗೆ ಮಾಡಬೇಕು, ನಾನು ಅವಳಿಗೆ ಮಾಡಬೇಕು.

ಅತ್ತೆ ಇದಕ್ಕೆ ಅಳಲಿಲ್ಲ, ಬುದ್ಧಿ ಹೇಳಲಿಲ್ಲ. ಬೇರೆಯದೇ ದಾರಿ ಹಿಡಿದರು. ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ ಎರಡೂ ಮನೆಯವರು ಒಂದೇ ವ್ಯಾನಿನಲ್ಲಿ ದಾಸನಕೊಪ್ಪದ ಗೌಡರ ಹೊಲಕ್ಕೆ ಹೋಗಿ ಗಾಳಿಮರ ಕಡಿದು ತರಬೇಕು ಎಂದು ಕಟ್ಟಳೆ ಮಾಡಿದರು. ಗೌಡರ ಹೆಂಡತಿಯ ಹೆರಿಗೆ ಮಾಡಿಸಿದವರು ಅತ್ತೆಯೇ. ಅವರ ಹೊಲದ ಬದುವಿನ ಗುಂಟ ಗಾಳಿಮರದ ಸಾಲಿದೆ. "ಬರ್ರಿ ನರ್ಸಬಾಯಾರ, ನಿಮಗ್ಯಾವ್ದು ಬೇಕೋ ಅದನ್ನ ಕಡಕೊಂಡ್ ಹೋಗ್ರಿ" ಎಂದು ಗೌಡರು ವರ್ಷವೂ ಹೇಳುವರು.

ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚಿನ ಮರ. ಒಬ್ಬನೇ ಕಡಿದರೂ ನಡೆಯುವಂಥದ್ದು. ಆದರೆ ಅತ್ತೆ ಬಿಡಬೇಕಲ್ಲ. ಅಣ್ಣ ಕಡಿಯಬೇಕು, ತಮ್ಮ ಹಗ್ಗ ಕಟ್ಟಿ ಹಿಡಿದಿರಬೇಕು, ಇಲ್ಲದಿದ್ದರೆ ಮರ ಗೌಡರ ಜೋಳದ ಮೇಲೆ ಬಿದ್ದು ಹಾಳಾಗುತ್ತದೆ ಎಂದು ಅವರ ವಾದ. ಹಾಗಾಗಿ ಅಲ್ಲಿ ಇಬ್ಬರೂ ಬಾಯಿ ಬಿಡಲೇಬೇಕಾಗುತ್ತಿತ್ತು. "ಹಿಡಿ" ಎಂದು ಅಣ್ಣ ಹೇಳಬೇಕು, "ತಡಿ" ಎಂದು ತಮ್ಮ ಹೇಳಬೇಕು. ವ್ಯಾನಿನ ಮುಂದಿನ ಸೀಟಿನಲ್ಲಿ ಬಾಗಿಲು ತೆರೆದು ಕುಳಿತ ಅತ್ತೆ ಈ ಎರಡು ಮಾತನ್ನು ಕಿವಿಯಾರೆ ಕೇಳುವರು. ವಾಪಸು ಬರುವಾಗ ನನ್ನ ಕೈ ಅಮುಕಿ, "ಅಷ್ಟಾದ್ರೂ ಮಾತಾಡಿದ್ರಲೆ, ಸಾಕು" ಎನ್ನುವರು. ನನಗೆ ಸಿಟ್ಟು ಬರುತ್ತಿತ್ತು. ಎರಡು ಮಾತಿಗೆ ಇಷ್ಟೆಲ್ಲ ರಂಪವೇ?

ರಂಪದ ಕೆಲಸವೆಲ್ಲ ನನ್ನ ತಲೆಗೆ ಬೀಳುತ್ತಿತ್ತು ನೋಡಿ, ಅದಕ್ಕೇ ಸಿಟ್ಟು. ನಾನು ಶಾಲೆಯಲ್ಲಿ ಪಾಠ ಮಾಡುವವಳು. ಡಿಸೆಂಬರಿನಲ್ಲಿ ಪರೀಕ್ಷೆಯ ಪೇಪರು ತಿದ್ದಿ ಕತ್ತು ಹಿಡಿದಿರುತ್ತಿತ್ತು. ಅದರ ಮೇಲೆ ಮನೆತುಂಬ ಜನಕ್ಕೆ ಬುತ್ತಿ ಕಟ್ಟಬೇಕು, ಅತ್ತೆಯನ್ನು ಹಿಡಿದು ವ್ಯಾನಿಗೆ ಹತ್ತಿಸಬೇಕು, ವಾಂತಿ ಮಾಡುವ ಮಕ್ಕಳಿಗೆ ನಿಂಬೆಹಣ್ಣು ಮೂಸಿಸಬೇಕು, ಮುಖ ಊದಿಸಿಕೊಂಡ ಇಬ್ಬರು ಗಂಡಸರ ನಡುವೆ ನೆಗೆಣ್ಣಿಯ ಜೊತೆ ಹವಾಮಾನ ಮಾತಾಡಬೇಕು. ಮರ ಮನೆಗೆ ಬಂದ ಮೇಲೆ ಅದರ ಸೂಜಿಯಂಥ ಎಲೆ ಉದುರಿ ಉದುರಿ ಜನವರಿ ಮುಗಿದರೂ ಚಾಪೆಯೊಳಗೆ ಸಿಗುತ್ತಿತ್ತು. ಒಮ್ಮೆ ಹೇಳಿಯೇ ಬಿಟ್ಟೆ.

"ಅತ್ತಿ, ನನಗ ಭಾಳ ಸಾಕಾಗೇತ್ರಿ. ಈ ವರ್ಷ ಒಂದು ಬಿಡೂಣು."

"ಸಾಕಾದ್ರೆ ಕೂತ್ಕೊ ಮಾರಾಯ್ತಿ, ಬೇಡ ಹೇಳಿದ್ನಾ? ಆದ್ರೆ ವ್ಯಾನಿನೊಳಗೆ ಕೂತ್ಕೊ."

ಇಷ್ಟೇ ಅವರ ಕರುಣೆ.

ಮಾತು ಬಿಟ್ಟ ಗಂಡುಮಕ್ಕಳಿಬ್ಬರನ್ನೂ ಅತ್ತೆ ಹೊರಡಿಸುತ್ತಿದ್ದದ್ದು ಹೇಗೆ ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಒಂದು ಡಿಸೆಂಬರಿನಲ್ಲಿ ಅವರು ಭಾವನಿಗೆ ಫೋನು ಮಾಡುವಾಗ ನಾನು ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದೆ. "ನಿನ್ನ ತಮ್ಮನೇ ಕೇಳ್ದ, ಅಣ್ಣ ಬರ್ತ್ನನ ಹೇಳಿ. ಪಾಪ, ದಾರಿ ಕಾಯ್ತ" ಎಂದರು. ಫೋನಿಟ್ಟವರೇ ಅಂಗಳಕ್ಕೆ ಹೋಗಿ ನನ್ನ ಗಂಡನಿಗೆ, "ಅಣ್ಣ ಫೋನು ಮಾಡಿದ್ದ, ಮರಕ್ಕೆ ಹೋಗೂದು ಯಾವಾಗ ಹೇಳಿ ಅವನೇ ಕೇಳ್ದ" ಎಂದರು. ನನ್ನ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ಉಳಿಯಿತು.

"ಅತ್ತಿ! ಹಬ್ಬದ ಮುಂದ ಇಷ್ಟು ದೊಡ್ಡ ಸುಳ್ಳೇನ್ರಿ?"

"ಅದಕ್ಕೇ ಅಲ್ದಾ ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ಹೋಗೂದು?"

"ಫಾದರ್ ಏನಂತಾರ?"

"ಎಂತ ಹೇಳ್ತ್ರು, ಪ್ರತಿ ವರ್ಷ ಹೇಳಿದ್ದೇ ಪ್ರಾರ್ಥನೆ ಹೇಳು ಅಂತ್ರು. ನಂಗೂ ಬಾಯಿಪಾಠ ಆಗಿ ಹೋಯ್ದು."

ಒಂದು ವರ್ಷ ಮಾತ್ರ ಅವರ ಕಟ್ಟಳೆ ಮುರಿಯುವುದರಲ್ಲಿತ್ತು. ಭಾವ ತಮ್ಮನ ಹಗ್ಗದ ಹಂಗೇ ಬೇಡವೆಂದು ಹೊಸ ನೈಲಾನ್ ಹಗ್ಗ ಕೊಂಡು ತಂದಿದ್ದರು. ನನ್ನ ಗಂಡ ಅಣ್ಣನ ಕತ್ತಿಯ ಹಂಗೇ ಬೇಡವೆಂದು ಪೇಟೆಯಲ್ಲಿ ಹೊಸ ಕತ್ತಿ ಕೊಂಡಿದ್ದರು. ಗೌಡರ ಹೊಲದಲ್ಲಿ ವ್ಯಾನಿನ ಹಿಂಬದಿ ತೆರೆದಾಗ ಎರಡು ಕತ್ತಿ, ಎರಡು ಹಗ್ಗ ಪಕ್ಕಪಕ್ಕ ಬಿದ್ದಿದ್ದವು. ನೆಗೆಣ್ಣಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅತ್ತೆ ಬಾಗಿಲು ಹಿಡಿದು ಇಳಿದರು, ಕಾಲು ಎಳೆಯುತ್ತ ಹಿಂದೆ ಬಂದರು, ನೋಡಿದರು. ಅವರ ಮುಖ ಕಪ್ಪಿಟ್ಟಿತು.

"ಓಹೋ, ಇನ್ನು ಒಬ್ರಿಗೊಬ್ರು ಬೇಕಾಗೇ ಇಲ್ಲೆ ಹೇಳಾತು."

ಅತ್ತೆ ಹೊಸ ಹಗ್ಗ, ಹೊಸ ಕತ್ತಿ ಎರಡನ್ನೂ ಎತ್ತಿ ಗೌಡರ ಕೈಗೆ ಕೊಟ್ಟರು. "ತಗಳ್ಳಿ ಗೌಡ್ರೇ, ಹೊಲಮನೆಗೆ ಬೇಕಾಗ್ತು. ನನ್ನ ಮಕ್ಕಳು ಇಬ್ರೂ ಸೇರಿ ನಿಮಗೆ ಕೊಡೂಕೆ ಹೇಳಿ ತಂದ್ರು." ಗೌಡರಿಗೆ ತಲೆಬುಡ ತಿಳಿಯಲಿಲ್ಲ. "ಯಾಕ್ ಬೇಕಿತ್ತ್ರಿ ಇಷ್ಟೆಲ್ಲಾ" ಎಂದು ಸಂಕೋಚದಿಂದಲೇ ತೆಗೆದುಕೊಂಡರು. ಅಣ್ಣತಮ್ಮ ಹಳೇ ಕತ್ತಿ, ಹಳೇ ಹಗ್ಗ ಹಿಡಿದು ಬದುವಿನ ಕಡೆಗೆ ನಡೆದರು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡೆ. ಅತ್ತೆ ಮಾತ್ರ ನಗಲಿಲ್ಲ. ವ್ಯಾನಿಗೆ ಹತ್ತಿದ ಮೇಲೂ ಬಾಗಿಲು ಹಿಡಿದು ಬದುವಿನ ಕಡೆಗೇ ಕಿವಿಗೊಟ್ಟು ಕುಳಿತರು.

ಕೊನೆಯ ವರ್ಷ ಅವರಿಗೆ ಉಸಿರಾಟವೂ ಕಷ್ಟವಾಗಿತ್ತು. ಡಾಕ್ಟರು ಹೊರಗೆ ಹೋಗಬೇಡಿ ಎಂದಿದ್ದರು. ಡಾಕ್ಟರ ಮಾತನ್ನು ಎಲ್ಲ ರೋಗಿಗಳೂ ಕೇಳಬೇಕು, ನರ್ಸುಗಳಿಗೆ ಅದು ಲಾಗೂ ಇಲ್ಲ ಎಂದು ಅವರ ನಂಬಿಕೆ. ದಿಂಬು ಕೊಟ್ಟು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಹೊಲದಲ್ಲಿ ಇಳಿಯಲು ಆಗಲಿಲ್ಲ. ನಾನು ಪಕ್ಕದಲ್ಲಿ ನಿಂತು ನೀರು ಕುಡಿಸಿದೆ. ದೂರದಲ್ಲಿ ಕತ್ತಿಯ ಸದ್ದು ಕೇಳುತ್ತಿತ್ತು.

"ನಾ ಹೋದ ಮೇಲೆ ಪ್ಲಾಸ್ಟಿಕ್ಕಿನ ಮರ ತರ್ತ್ರಿ ನೀವು, ನಂಗೊತ್ತು" ಎಂದರು.

"ಹೂಂ ರೀ, ತರ್ತೀವಿ" ಎಂದೆ. ಸುಳ್ಳು ಹೇಳುವ ತ್ರಾಣ ನನಗಿರಲಿಲ್ಲ.

ಅವರು ನಕ್ಕರು. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ತನ್ನಿ. ಆದ್ರೆ ಅದನ್ನ ನಿಲ್ಸುಲೆ ಒಬ್ರು ಸಾಕಲೆ ಮಾರಾಯ್ತಿ" ಎಂದರು. ಆ ಮಾತು ನನ್ನ ಎದೆಗೆ ನಾಟಿತು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅಣ್ಣತಮ್ಮ ಪೆಟ್ಟಿಗೆಗೆ ಹೆಗಲು ಕೊಟ್ಟರು, ಎದುರುಬದುರು ನಿಂತು ಮಣ್ಣು ಹಾಕಿದರು, ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಸಾವಾದ ಮನೆಯೆಂದು ಆ ವರ್ಷ ನಕ್ಷತ್ರ ತೂಗುಹಾಕಲಿಲ್ಲ, ಮರವಿಲ್ಲ, ಬಾಲಯೇಸುವನ್ನು ಮಲಗಿಸುವ ಗೋದಲಿಯಿಲ್ಲ. ಡಿಸೆಂಬರಿನಲ್ಲಿ ನನಗೆ ಮೊದಲ ಸಲ ಪುರುಸೊತ್ತು ಸಿಕ್ಕಿತು. ಇಷ್ಟು ವರ್ಷ ಹಂಬಲಿಸಿದ ಪುರುಸೊತ್ತು ಅದು. ಮನೆಯೊಳಗೆ ಕೂರಲಾಗಲಿಲ್ಲ.

ಅದರ ಮರುವರ್ಷ ನಾನೇ ಭಾವನಿಗೆ ಫೋನು ಮಾಡಿದೆ. ನೆಗೆಣ್ಣಿಗಲ್ಲ, ನೇರವಾಗಿ ಅವರಿಗೇ.

"ಭಾವ, ಮರಕ್ಕ ಹೋಗೋದೈತ್ರಿ. ಬರ್ರಿ."

"ಅಂವ ಕೇಳಿದ್ನಾ?"

ಹೌದು ಎನ್ನುವುದು ಎಷ್ಟು ಸುಲಭವಿತ್ತು! ಅತ್ತೆ ಆಗಿದ್ದರೆ ಹೌದು ಎಂದು ಉಪ್ಪುಖಾರ ಸೇರಿಸಿ ಹೇಳುತ್ತಿದ್ದರು. ನನಗೆ ಆಗಲಿಲ್ಲ.

"ಇಲ್ರಿ. ಅವರೇನೂ ಕೇಳಿಲ್ಲ. ನಾನ ಕರಿಯಾಕತ್ತೀನಿ. ಬರೂದಿದ್ರ ಬರ್ರಿ, ಇಲ್ಲಂದ್ರ ಬಿಡ್ರಿ. ನನಗ ಸಾಕಾಗೇತಿ."

ಫೋನಿಟ್ಟೆ. ಬರುವುದಿಲ್ಲ ಎಂದೇ ತಿಳಿದಿದ್ದೆ. ಬಂದರು. ಹೆಂಡತಿ ಮಕ್ಕಳ ಜೊತೆಗೆ ಬಂದು ಅಂಗಳದಲ್ಲಿ ನಿಂತರು, ನನ್ನ ಗಂಡ ಬಾಯಿ ಮುಚ್ಚಿಕೊಂಡು ವ್ಯಾನು ತೆಗೆದರು. ಮುಂದಿನ ಸೀಟು ಖಾಲಿ ಬಿಟ್ಟು ಎಲ್ಲರೂ ಹಿಂದೆ ಹತ್ತಿದರು. ಇದೆಂಥ ಹುಚ್ಚು ಎಂದುಕೊಂಡು ನಾನೇ ಮುಂದೆ ಕೂತೆ.

ಹೊಲದಲ್ಲಿ ಮರ ಆರಿಸುವಾಗ ಶುರುವಾಯಿತು. ಭಾವ ಒಂದು ಮರಕ್ಕೆ ಕತ್ತಿ ಇಟ್ಟರು. ನನ್ನ ಗಂಡ ಹಗ್ಗವನ್ನು ಇನ್ನೊಂದಕ್ಕೆ ಕಟ್ಟಿದರು. ಭಾವನಿಗೆ ರೇಗಿತು. ಕೊಂಕಣಿಯಲ್ಲಿ ಕೂಗಿದರು, ನನಗೆ ಈಗ ಅವರ ಕೊಂಕಣಿ ಪೂರ್ತಿ ತಿಳಿಯುತ್ತದೆ. "ಅಮ್ಮ ಇರುವಾಗ ವರ್ಷ ವರ್ಷ ನೀನೇ ಕರೆಯುತ್ತಿದ್ದೆ. ಈ ಸಲ ಹೆಂಡತಿಯ ಕೈಯಲ್ಲಿ ಕರೆಸುತ್ತೀಯಾ?"

"ನಾನೆಲ್ಲಿ ಕರೆಯುತ್ತಿದ್ದೆ? ನೀನಲ್ಲವಾ ಫೋನು ಮಾಡಿ ಕೇಳುತ್ತಿದ್ದದ್ದು?"

"ನಾನು ಯಾವತ್ತು ಫೋನು ಮಾಡಿದ್ದೆನೋ?"

ಇಬ್ಬರೂ ತಿರುಗಿ ವ್ಯಾನಿನಲ್ಲಿ ಅಮ್ಮ ಕೂರುತ್ತಿದ್ದ ಸೀಟಿನ ಕಡೆ ನೋಡಿದರು. ಆಮೇಲೆ ಶುರುವಾಯಿತು ನೋಡಿ. ಒಂದು ದಿನವಾದರೂ ನೀನಾಗಿ ಕರೆದೆಯಾ ಎಂದು ಅವರು, ನೀನಾಗಿ ಬಂದೆಯಾ ಎಂದು ಇವರು. ಅಪ್ಪನ ಸಾವು ಬಂತು, ಗ್ಯಾರೇಜು ಬಂತು, ಇಷ್ಟು ವರ್ಷ ನುಂಗಿದ್ದೆಲ್ಲ ಹೊರಗೆ ಬಂತು. ಭಾವ ಕೂಗುತ್ತ ಅಳುತ್ತಿದ್ದರು. ನನ್ನ ಗಂಡ ಅಳುತ್ತ ಕೂಗುತ್ತಿದ್ದರು. ನೆಗೆಣ್ಣಿ ಮಕ್ಕಳನ್ನು ಎಳೆದುಕೊಂಡು ಗೌಡರ ಮನೆಯ ಕಡೆಗೆ ಹೋದಳು. ನಾನು ಕೂತಲ್ಲಿಂದ ಏಳಲಿಲ್ಲ. ಆ ಹೆಂಗಸು ಉಸಿರು ಹಿಡಿದು ಈ ಸೀಟಿನಲ್ಲಿ ಕೂತು ಕಾದದ್ದು ಈ ಜಗಳಕ್ಕೇ ಅಲ್ಲವೇ? ಅದು ಕೇಳಿಸುವ ಹೊತ್ತಿಗೆ ಅವರ ಕಿವಿ ಮಣ್ಣಾಗಿತ್ತು. ನನಗೆ ಅಳು ಉಕ್ಕಿ ಬಂತು.

ಗೌಡರು ಗಾಬರಿಯಾಗಿ ವ್ಯಾನಿನ ಹತ್ತಿರ ಓಡಿ ಬಂದರು.

"ಏನ್ರೀ ಅಕ್ಕಾರ ಇದು? ಬಿಡಸ್ಲೇನ್ರಿ? ದೊಡ್ಡಾವ್ರ ಕೈಯಾಗ ಕತ್ತಿ ಐತ್ರೀ!"

"ಕತ್ತಿ ಇಸ್ಕೊಂಡ್ ಬರ್ರಿ ಗೌಡ್ರ" ಎಂದೆ. "ಅವರನ್ನ ಮಾತ್ರ ಬಿಡಸಬ್ಯಾಡ್ರಿ."